ಎಡಬ್ಲ್ಯುಡಿ ಕಾರಿಗೆ ತಾತ್ಕಾಲಿಕ ಸ್ಟೆಪ್ನಿ ಹಾಕಿದ ಮೇಲೆ ಕಾಣುವ ತೊಂದರೆಗಳು: ದೋಷ ನಿವಾರಣೆ ಕೈಪಿಡಿ

ಟೈರು ಪಂಕ್ಚರ್ ಆಗಿ, ಡಿಕ್ಕಿಯೊಳಗಿನ ತೆಳ್ಳನೆಯ ತಾತ್ಕಾಲಿಕ ಸ್ಟೆಪ್ನಿ ಹಾಕಿಕೊಂಡು ಹೊರಟ ಯಾವ ಕಾರೂ ಮೊದಲಿನಂತೆ ಓಡುವುದಿಲ್ಲ. ಎರಡು ಚಕ್ರಗಳಿಗಷ್ಟೇ ಎಂಜಿನ್ನಿನ ಬಲ ಹೋಗುವ ಕಾರಿನಲ್ಲಿ ಇದು ಬಹುಮಟ್ಟಿಗೆ ರಸ್ತೆ ಹಿಡಿತದ ಮತ್ತು ಬ್ರೇಕಿನ ವಿಷಯ. ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಎಡಬ್ಲ್ಯುಡಿ ಕಾರಿನಲ್ಲಾದರೆ, ಮುಂದಿನ ಮತ್ತು ಹಿಂದಿನ ಆಕ್ಸಲುಗಳನ್ನು ಜೋಡಿಸುವ ಭಾಗಗಳು ಚಾಲಕನಿಗೆ ತಿಳಿಯದಂತೆ ಬಿಸಿಯಾಗುತ್ತ ಹೋಗುವ ಅಪಾಯವೂ ಇದರ ಜೊತೆ ಸೇರಿಕೊಳ್ಳುತ್ತದೆ. ಚಾಲಕರ ಗಮನಕ್ಕೆ ಬರುವ ಲಕ್ಷಣಗಳನ್ನು ಹಿಡಿದುಕೊಂಡು, ಖರ್ಚಿಲ್ಲದ ಪರೀಕ್ಷೆಗಳಿಂದ ಹಿಡಿದು ವರ್ಕ್‌ಶಾಪಿನ ಕೆಲಸದವರೆಗೆ ಏನೇನು ನೋಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ನಿಮ್ಮ ಕಾರಿನ ಕೈಪಿಡಿ ಬೇರೆ ಮಾತು ಹೇಳಿದರೆ ಅದೇ ಅಂತಿಮ.

ತೊಂದರೆಯ ಮೂಲ ಎಲ್ಲಿದೆ

ಒಂದು ಲೆಕ್ಕ ಮಾಡಿ ನೋಡಿದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. 215/60 ಆರ್17 ಅಳತೆಯ ಟೈರಿನ ವ್ಯಾಸ ಸುಮಾರು 690 ಮಿ.ಮೀ., ಸುತ್ತಳತೆ ಸುಮಾರು 2,167 ಮಿ.ಮೀ. ಪಕ್ಕದಲ್ಲಿ ಟಿ145/80 ಡಿ16 ಎಂದು ಅಚ್ಚಾಗಿರುವ ತಾತ್ಕಾಲಿಕ ಟೈರಿನ ವ್ಯಾಸ ಸುಮಾರು 638 ಮಿ.ಮೀ., ಸುತ್ತಳತೆ ಸುಮಾರು 2,006 ಮಿ.ಮೀ. ಗಂಟೆಗೆ 60 ಕಿ.ಮೀ. ವೇಗದಲ್ಲಿ ದೊಡ್ಡ ಟೈರು ನಿಮಿಷಕ್ಕೆ ಸುಮಾರು 461 ಸುತ್ತು ತಿರುಗಿದರೆ ಸಣ್ಣದು ಸುಮಾರು 499 ಸುತ್ತು ತಿರುಗಲೇಬೇಕು. ಸಣ್ಣ ಟೈರಿರುವ ಆಕ್ಸಲಿನ ಡಿಫರೆನ್ಶಿಯಲ್ (ಎಡ ಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಈ ಎರಡರ ಸರಾಸರಿಯಾದ 480ರ ವೇಗದಲ್ಲಿ ತಿರುಗುತ್ತದೆ. ಇನ್ನೊಂದು ಆಕ್ಸಲಿನದು 461ರಲ್ಲೇ ಉಳಿಯುತ್ತದೆ. ಈ 19 ಸುತ್ತುಗಳ ವ್ಯತ್ಯಾಸವು ಡಿಫರೆನ್ಶಿಯಲ್ಲಿನ ಗೇರ್ ಅನುಪಾತದಿಂದ ಗುಣಿಸಲ್ಪಟ್ಟು, ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಬರುತ್ತದೆ ಮತ್ತು ಎರಡು ಆಕ್ಸಲುಗಳ ನಡುವಿನ ಕಪ್ಲಿಂಗ್ ಅದನ್ನು ಪ್ರತಿ ನಿಮಿಷವೂ ನುಂಗಿಕೊಳ್ಳಬೇಕಾಗುತ್ತದೆ. ತಿರುವಿನಲ್ಲಿ ಇಂಥ ವ್ಯತ್ಯಾಸ ಬರುವುದು ಸಹಜ. ಆದರೆ ತಿರುವು ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. ಸಣ್ಣ ಚಕ್ರ ಹಾಕಿದ ಕಾರಿಗೆ ನೆಟ್ಟಗಿನ ಹೆದ್ದಾರಿಯೂ ಮುಗಿಯದ ತಿರುವೇ.

ಎಲ್ಲ ಕಾರುಗಳಲ್ಲೂ ವ್ಯತ್ಯಾಸ ಇಷ್ಟೇ ಇರುವುದಿಲ್ಲ. ಕೆಲವು ತಯಾರಕರು ಅಗಲ ಕಡಿಮೆಯಿದ್ದರೂ ಹೊರವ್ಯಾಸದಲ್ಲಿ ಮೂಲ ಟೈರಿಗೆ ಹತ್ತಿರವಾದ ಸ್ಟೆಪ್ನಿಯನ್ನು ಕೊಡುತ್ತಾರೆ. ನಿಮ್ಮದು ಯಾವುದೆಂದು ತಿಳಿಯಲು ಮನೆಯ ಅಂಗಳವೇ ಸಾಕು. ಟೈರಿನ ತಳಕ್ಕೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಚಕ್ರವನ್ನು ಕೈಯಲ್ಲಿ ನೇರವಾಗಿ ಉರುಳಿಸಿ, ಗುರುತು ಮತ್ತೆ ನೆಲ ಮುಟ್ಟಿದಲ್ಲಿ ಇನ್ನೊಂದು ಗೆರೆ ಎಳೆದು, ಎರಡು ಗೆರೆಗಳ ನಡುವಿನ ದೂರವನ್ನು ಟೇಪಿನಲ್ಲಿ ಅಳೆಯಿರಿ. ಮೂಲ ಟೈರಿಗೂ ಇದೇ ರೀತಿ ಮಾಡಿ. ಈ ಕೆಲಸ ಪಂಕ್ಚರ್ ಆಗುವುದಕ್ಕೆ ಮುಂಚೆಯೇ ಆಗಿರಬೇಕು. ರಾತ್ರಿ ಹೆದ್ದಾರಿಯ ಪಕ್ಕದಲ್ಲಿ ಟೇಪು ಹಿಡಿದು ಕೂರಲು ಯಾರಿಂದಲೂ ಆಗುವುದಿಲ್ಲ.

ಮೊದಲು ನಿಮ್ಮ ಕಾರು ಯಾವ ಬಗೆಯದೆಂದು ಗುರುತಿಸಿ

ಥಾರ್, ಜಿಮ್ನಿಗಳಂಥ ಪಾರ್ಟ್-ಟೈಮ್ ಫೋರ್-ವೀಲ್-ಡ್ರೈವ್ ಗಾಡಿಗಳಲ್ಲಿ ಲಿವರನ್ನು ಎರಡು ಚಕ್ರಗಳ ಸ್ಥಾನವಾದ 2ಎಚ್‌ಗೆ ತಂದರೆ ಮುಂದಿನ ಆಕ್ಸಲಿನ ಸಂಪರ್ಕ ಕಡಿದುಹೋಗುತ್ತದೆ. ಅವುಗಳ ಹಿಂಬಾಗಿಲಿಗೆ ನೇತುಬಿದ್ದಿರುವುದು ಪೂರ್ಣ ಗಾತ್ರದ ಚಕ್ರವೇ ಆದ್ದರಿಂದ ಈ ಕೈಪಿಡಿಯ ಬಹುಭಾಗ ಅವುಗಳಿಗೆ ಅನ್ವಯಿಸುವುದಿಲ್ಲ.

ಡಸ್ಟರ್ ಎಡಬ್ಲ್ಯುಡಿ, ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್, ಕೋಡಿಯಾಕ್ 4x4 ಮೊದಲಾದವು ಮುಂದಿನ ಚಕ್ರಗಳನ್ನು ಮುಖ್ಯವಾಗಿ ಓಡಿಸುತ್ತ, ಬೇಕಾದಾಗ ಹಿಂದಿನ ಆಕ್ಸಲಿಗೆ ಬಲ ಕಳಿಸುವ ಬಹು-ಪ್ಲೇಟುಗಳ ಕ್ಲಚ್ ಕಪ್ಲಿಂಗ್ ಉಳ್ಳವು. ಇಲ್ಲಿ ಅಪಾಯವಿರುವುದು ಆ ಕ್ಲಚ್ ಪ್ಲೇಟುಗಳಿಗೆ. ಡಸ್ಟರಿನಲ್ಲಿ 2ಡಬ್ಲ್ಯುಡಿ, ಆಟೊ, ಲಾಕ್ ಎಂಬ ಮೂರು ಸ್ಥಾನಗಳ ತಿರುಗುಗುಂಡಿ ಇದೆ. ಸ್ಟೆಪ್ನಿ ಹಾಕಿದಾಗ ಅದನ್ನು 2ಡಬ್ಲ್ಯುಡಿಗೆ ತಿರುಗಿಸಿದರೆ ಅರ್ಧ ಚಿಂತೆ ಕಳೆಯಿತು. ಆಲ್‌ಗ್ರಿಪ್‌ನಲ್ಲಿ ಆಟೊ, ಸ್ಪೋರ್ಟ್, ಸ್ನೋ, ಲಾಕ್ ಎಂಬ ನಾಲ್ಕು ಆಯ್ಕೆಗಳಿದ್ದು, ಅವುಗಳಲ್ಲಿ ಎರಡೇ ಚಕ್ರ ಎಂಬುದು ಇಲ್ಲ. ಆದ್ದರಿಂದ ಆಟೊದಲ್ಲೇ ಇರಿಸಿ, ಲಾಕನ್ನು ಮುಟ್ಟಬಾರದು.

ಅಮೆರಿಕದ ಹಿಮ ಬೀಳುವ ಊರುಗಳಲ್ಲಿರುವ ಕನ್ನಡಿಗರ ಮನೆಗಳ ಮುಂದೆ ಸಾಮಾನ್ಯವಾಗಿ ಕಾಣುವ ಸುಬಾರು ಕಂಪನಿಯ ಕಾರುಗಳು ಸದಾಕಾಲ ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಬಗೆಯವು. ಹಳೆಯ, ನಾಲ್ಕು ಗೇರಿನ ಆಟೊಮ್ಯಾಟಿಕ್ ಮಾದರಿಗಳ ಎಂಜಿನ್ ಕೋಣೆಯಲ್ಲಿ ಎಫ್‌ಡಬ್ಲ್ಯುಡಿ (ಮುಂದಿನ ಚಕ್ರಗಳಿಗಷ್ಟೇ ಬಲ) ಎಂದು ಬರೆದ ಖಾಲಿ ಫ್ಯೂಸ್ ಜಾಗವೊಂದಿದೆ. ಅಲ್ಲಿಗೆ ಬಿಡಿ ಫ್ಯೂಸೊಂದನ್ನು ಸಿಕ್ಕಿಸಿದರೆ ಹಿಂದಿನ ಚಕ್ರಗಳಿಗೆ ಹೋಗುವ ಬಲ ನಿಂತು, ಡ್ಯಾಶ್‌ಬೋರ್ಡಿನಲ್ಲಿ ಎಫ್‌ಡಬ್ಲ್ಯುಡಿ ದೀಪ ಹತ್ತುತ್ತದೆ. ತಾತ್ಕಾಲಿಕ ಟೈರು ಹಾಕುವಾಗ ಹೀಗೆ ಮಾಡಬೇಕೆಂದು ಕಂಪನಿಯ ಕೈಪಿಡಿಯೇ ಹೇಳುತ್ತದೆ. ಅದೇ ಕಾಲದ ಮ್ಯಾನುಯಲ್ ಗೇರಿನ ಸುಬಾರುಗಳಲ್ಲಿ, ಎರಡು ಆಕ್ಸಲುಗಳ ನಡುವೆ, ವಿಸ್ಕಸ್ ಕಪ್ಲಿಂಗ್ (ಮಂದ ದ್ರವದ ಹಿಡಿತದಿಂದ ಕೆಲಸ ಮಾಡುವ ಕಪ್ಲಿಂಗ್) ಇರುವ ಸೆಂಟರ್ ಡಿಫರೆನ್ಶಿಯಲ್ ಇದ್ದು, ಅದನ್ನು ಬಿಡಿಸುವ ಯಾವ ಉಪಾಯವೂ ಇಲ್ಲ. ಅಂಥವರು ವೇಗ ಮತ್ತು ದೂರ ಎರಡನ್ನೂ ಇಳಿಸುವುದೊಂದೇ ದಾರಿ.

ಮುಂದಕ್ಕೊಂದು, ಹಿಂದಕ್ಕೊಂದು ಮೋಟಾರು ಇರುವ ವಿದ್ಯುತ್ ಕಾರುಗಳಲ್ಲಿ ಆಕ್ಸಲುಗಳ ನಡುವೆ ಶಾಫ್ಟೇ ಇಲ್ಲವಾದ್ದರಿಂದ ಕಪ್ಲಿಂಗ್ ಕೆಡುವ ಮಾತಿಲ್ಲ. ಬ್ರೇಕು, ಎಬಿಎಸ್, ವೇಗದ ಮಿತಿಗಳ ವಿಷಯ ಮಾತ್ರ ಅವುಗಳಿಗೂ ಒಂದೇ.

ಚಕ್ರ ಬದಲಿಸುವಾಗಲೇ ತಪ್ಪಿಸಬೇಕಾದ ಅನಾಹುತ

ಎಡಬ್ಲ್ಯುಡಿ ಕಾರಿನ ಒಂದು ಚಕ್ರ ಜ್ಯಾಕಿನ ಮೇಲೆ ಗಾಳಿಯಲ್ಲಿರುವಾಗ ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಬಾರದು. ನೆಲದಲ್ಲಿರುವ ಉಳಿದ ಚಕ್ರಗಳಿಗೆ ಬಲ ಹೋಗಿ ಕಾರು ಜ್ಯಾಕಿನಿಂದ ಜಿಗಿದುಬಿಡಬಹುದು. ಎತ್ತುವ ಚಕ್ರಕ್ಕೆ ಕರ್ಣರೇಖೆಯಲ್ಲಿ ಎದುರಾಗಿರುವ ಚಕ್ರದ ಎರಡೂ ಬದಿಗೆ ಕಲ್ಲು ಇಡಿ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವುದರಿಂದ, ಹಿಂಬದಿಯನ್ನು ಎತ್ತಿದಾಗ ಅದರ ಮೇಲೆ ಭರವಸೆ ಇಡುವಂತಿಲ್ಲ. ಶಿರಾಡಿ, ಚಾರ್ಮಾಡಿಗಳಂಥ ಘಾಟಿಯ ಇಳಿಜಾರಿನಲ್ಲಿ ಪಂಕ್ಚರ್ ಆದರೆ, ರಿಮ್ಮು ಹಾಳಾದರೂ ಸರಿ, ಸ್ವಲ್ಪ ಸಮತಟ್ಟಾದ ಜಾಗದವರೆಗೆ ನಿಧಾನವಾಗಿ ಸಾಗುವುದೇ ಮೇಲು.

ಸ್ಟೆಪ್ನಿ ಎಲ್ಲಿಗೆ ಹಾಕಬೇಕು ಎಂಬುದು ಇನ್ನೊಂದು ಪ್ರಶ್ನೆ. ಮುಂದಿನ ಚಕ್ರಗಳೇ ತಿರುಗಿಸುವ, ಹೆಚ್ಚು ಬ್ರೇಕ್ ಹಿಡಿಯುವ, ಬಹುಪಾಲು ಬಲವನ್ನೂ ಹೊರುವ ಕಾರುಗಳಲ್ಲಿ ಮುಂದಿನ ಟೈರು ಪಂಕ್ಚರ್ ಆದರೆ, ಹಿಂದಿನದೊಂದನ್ನು ತೆಗೆದು ಮುಂದಕ್ಕೆ ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕುವುದು ಉತ್ತಮ. ಜ್ಯಾಕನ್ನು ಎರಡು ಬಾರಿ ಎತ್ತಿಳಿಸುವ ಈ ಕೆಲಸ ಬೇಸರದ್ದೇ. ಆದರೆ ಸುಬಾರು ಹಲವು ಮಾದರಿಗಳಿಗೆ ಸ್ಟೆಪ್ನಿಯನ್ನು ಹಿಂದಿನ ಚಕ್ರದಲ್ಲಿ ಮಾತ್ರ ಬಳಸಬೇಕೆಂದು ಸ್ಪಷ್ಟವಾಗಿಯೇ ವಿಧಿಸಿದೆ. ಹಿಂದಿನ ಆಕ್ಸಲಿನಲ್ಲಿ, ಎಡ ಬಲ ಚಕ್ರಗಳ ವೇಗವ್ಯತ್ಯಾಸಕ್ಕೆ ಕಡಿವಾಣ ಹಾಕುವ ಲಿಮಿಟೆಡ್-ಸ್ಲಿಪ್ ಡಿಫರೆನ್ಶಿಯಲ್ ಇದ್ದರೆ ಕೈಪಿಡಿಯನ್ನು ನೋಡದೆ ನಿರ್ಧರಿಸಬೇಡಿ.

ಲಕ್ಷಣ: ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತಿದೆ

ಯಾವ ದೀಪ, ಅದು ಮಿನುಗುತ್ತಿದೆಯೋ ಸ್ಥಿರವಾಗಿದೆಯೋ ಎಂಬುದನ್ನು ಮೊದಲು ನೋಡಿ. ಮೊಬೈಲಿನಲ್ಲಿ ಕೆಲವು ಸೆಕೆಂಡುಗಳ ವಿಡಿಯೊ ತೆಗೆದಿಟ್ಟರೆ ಆಮೇಲೆ ಮೆಕ್ಯಾನಿಕ್‌ಗೆ ತೋರಿಸಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಗಾಳಿಯೊತ್ತಡದ ದೀಪ, ಅಂದರೆ ಟಿಪಿಎಂಎಸ್, ಕಾರು ಚಾಲೂ ಮಾಡಿದಾಗ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಸ್ಥಿರವಾಗಿ ನಿಂತರೆ, ಯಾವುದೋ ಚಕ್ರದ ಸೆನ್ಸರಿನ ಸಂಕೇತ ಸಿಗುತ್ತಿಲ್ಲ ಎಂದರ್ಥ. ತಾತ್ಕಾಲಿಕ ಚಕ್ರದಲ್ಲಿ ಸಾಮಾನ್ಯವಾಗಿ ಸೆನ್ಸರೇ ಇರುವುದಿಲ್ಲ, ಇದು ದೋಷವಲ್ಲ. ಆರಂಭದಿಂದಲೇ ಸ್ಥಿರವಾಗಿ ಹತ್ತಿದ್ದರೆ ನಿಜವಾಗಿಯೂ ಗಾಳಿ ಕಡಿಮೆಯಿರಬಹುದು. ಚಕ್ರಗಳ ವೇಗ ಅಳೆಯುವ ಎಬಿಎಸ್ ಸೆನ್ಸರುಗಳ ಲೆಕ್ಕದಿಂದ ಗಾಳಿಯನ್ನು ಊಹಿಸುವ ಕಾರುಗಳಲ್ಲಿ ಮಾತ್ರ, ಸಣ್ಣ ಟೈರು ವೇಗವಾಗಿ ತಿರುಗುವುದನ್ನೇ ಕಂಡು ಗಾಳಿ ಇಳಿದಿದೆ ಎಂದು ವ್ಯವಸ್ಥೆ ತಪ್ಪಾಗಿ ತಿಳಿಯುವುದುಂಟು.

ಇಲ್ಲಿ ಗೇಜು ಹಿಡಿದು ಅಳೆಯುವುದೇ ಪರಿಹಾರ. ಬಹುತೇಕ ಕಾಂಪ್ಯಾಕ್ಟ್ ಸ್ಟೆಪ್ನಿಗಳಿಗೆ ಬೇಕಾದ ಗಾಳಿ 60 ಪಿಎಸ್‌ಐ. ಈ ಸಂಖ್ಯೆ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಪೆಟ್ರೋಲ್ ಬಂಕಿನ ಹುಡುಗ ರೂಢಿಯಂತೆ ನಾಲ್ಕೂ ಟೈರುಗಳಿಗೆ 33 ಹಾಕಿ ಮುಗಿಸಿಬಿಡುತ್ತಾನೆ. ಗಾಡಿಯಿಂದ ಇಳಿದು ನಿಂತು ಹೇಳಿ ಹಾಕಿಸಿಕೊಳ್ಳಬೇಕು. ಅರ್ಧ ಗಾಳಿಯ ಸ್ಟೆಪ್ನಿ ಇನ್ನಷ್ಟು ಕುಸಿದು, ಸುತ್ತಳತೆಯ ವ್ಯತ್ಯಾಸವೂ ಟೈರಿನ ಬಿಸಿಯೂ ಎರಡೂ ಏರುತ್ತವೆ. ವರ್ಷಗಟ್ಟಲೆ ಡಿಕ್ಕಿಯಲ್ಲಿ ಮಲಗಿದ್ದ ಟೈರಿನಲ್ಲಿ ಗಾಳಿ ಪೂರ್ತಿ ಇದ್ದರೆ ಅದೇ ಆಶ್ಚರ್ಯ.

ಎಡಬ್ಲ್ಯುಡಿ ಅಥವಾ 4ಡಬ್ಲ್ಯುಡಿ ದೀಪದ ಅರ್ಥ ಬೇರೆ. ನಿಸ್ಸಾನ್ ಎಕ್ಸ್-ಟ್ರೇಲ್‌ನಂಥ ಕಾರುಗಳಲ್ಲಿ ಅದು ಎರಡು ಸೆಕೆಂಡಿಗೊಮ್ಮೆಯಂತೆ ನಿಧಾನವಾಗಿ ಮಿನುಗಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ವ್ಯಾಸದಲ್ಲಿ ದೊಡ್ಡ ವ್ಯತ್ಯಾಸವಿದೆ ಎಂದೂ, ಸೆಕೆಂಡಿಗೆರಡು ಬಾರಿ ವೇಗವಾಗಿ ಮಿನುಗಿದರೆ ಎಣ್ಣೆ ಅತಿಯಾಗಿ ಕಾದಿದೆ ಎಂದೂ ಅರ್ಥ. ಸುಬಾರುವಿನ ಹೊಸ ಮಾದರಿಗಳಲ್ಲೂ ಬೇರೆ ಬೇರೆ ವ್ಯಾಸದ ಟೈರುಗಳಿದ್ದರೆ ಎಡಬ್ಲ್ಯುಡಿ ದೀಪ ಮಿನುಗುತ್ತದೆ. ವ್ಯಾಸದ ಎಚ್ಚರಿಕೆಯಾದರೆ ವೇಗ ಇಳಿಸಿ, 2ಡಬ್ಲ್ಯುಡಿ ಆಯ್ಕೆ ಇದ್ದರೆ ಅದಕ್ಕೆ ಬದಲಾಯಿಸಿ, ಹತ್ತಿರದ ಟೈರಿನ ಅಂಗಡಿಯವರೆಗೆ ಹೋಗಬಹುದು. ಬಿಸಿಯ ಎಚ್ಚರಿಕೆಯಾದರೆ ಸುರಕ್ಷಿತವಾದ ಜಾಗದಲ್ಲಿ ಕಾರನ್ನು ನಿಲ್ಲಿಸಿ, ನ್ಯೂಟ್ರಲ್ ಅಥವಾ ಪಾರ್ಕಿಂಗ್‌ನಲ್ಲಿ ಎಂಜಿನ್ ಚಾಲೂ ಇಟ್ಟು ದೀಪ ಆರುವವರೆಗೆ ಕಾಯಿರಿ. ದೀಪ ಆರಿ, ಮತ್ತೆ ಸ್ವಲ್ಪ ದೂರದಲ್ಲೇ ಹತ್ತಿದರೆ ಅಲ್ಲಿಗೆ ಪ್ರಯಾಣ ಮುಗಿಯಿತೆಂದು ತಿಳಿದು ಸಹಾಯ ಕರೆಯಬೇಕು.

ಎಬಿಎಸ್ ಮತ್ತು ಸ್ಟೆಬಿಲಿಟಿ ಕಂಟ್ರೋಲ್ ದೀಪಗಳು ಜೊತೆಯಲ್ಲೇ ಹತ್ತುವುದುಂಟು, ಏಕೆಂದರೆ ಈ ವ್ಯವಸ್ಥೆಗಳು ಓದುವುದೂ ಅದೇ ನಾಲ್ಕು ಚಕ್ರಗಳ ವೇಗವನ್ನೇ. ಮೂಲ ಟೈರು ಮರಳಿ ಹಾಕಿದ ಮೇಲೂ ಅವು ಉಳಿದರೆ, ಚಕ್ರ ಬದಲಿಸುವಾಗ ಸೆನ್ಸರಿನ ತಂತಿಗೆ ಪೆಟ್ಟಾಗಿರಬಹುದು. ಚಕ್ರ ಕೂರುವ ಹಬ್ಬಿನ ಹಿಂದೆ ತಂತಿ ಜೋತುಬಿದ್ದಿದೆಯೇ ಎಂದು ಟಾರ್ಚ್ ಹಾಕಿ ನೋಡಿ.

ಲಕ್ಷಣ: ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಾರು ಕುಪ್ಪಳಿಸುತ್ತದೆ, ಹಿಡಿದೆಳೆದಂತಾಗುತ್ತದೆ

ಈ ಕೈಪಿಡಿಯಲ್ಲಿ ಅತಿ ಹೆಚ್ಚು ಗಮನ ಕೊಡಬೇಕಾದ ಲಕ್ಷಣ ಇದು. ಪಾರ್ಕಿಂಗ್ ಜಾಗದಲ್ಲಿ ಅಥವಾ ಯು-ಟರ್ನ್‌ನಲ್ಲಿ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ನಿಧಾನವಾಗಿ ಹೋಗುವಾಗ, ಹ್ಯಾಂಡ್‌ಬ್ರೇಕ್ ಸ್ವಲ್ಪ ಹಿಡಿದುಕೊಂಡಿರುವಂತೆ ಕಾರು ಭಾರವಾಗುತ್ತದೆ, ಟೈರು ನೆಲದ ಮೇಲೆ ಕಿರ್ ಎನ್ನುತ್ತ ತುಸು ತುಸುವೇ ಜಿಗಿಯುತ್ತದೆ, ತಳದಿಂದ ಧಡಕ್ ಎಂದು ಸದ್ದು ಬರುತ್ತದೆ. ಮುಂದಿನ ಮತ್ತು ಹಿಂದಿನ ಆಕ್ಸಲುಗಳು ಬೇರೆ ಬೇರೆ ವೇಗದಲ್ಲಿ ತಿರುಗಬೇಕಾದಲ್ಲಿ ಒಂದಕ್ಕೊಂದು ಬಿಗಿದುಕೊಂಡಿವೆ ಎಂಬುದರ ನೇರ ಚಿಹ್ನೆ ಇದು.

ಮೊದಲು ಮೋಡ್ ಗುಂಡಿ ನೋಡಿ. ಅದು ಲಾಕ್‌ನಲ್ಲಿದ್ದರೆ ಅಥವಾ ಪಾರ್ಟ್-ಟೈಮ್ ಗಾಡಿಯ ಲಿವರು ನಾಲ್ಕು ಚಕ್ರಗಳ ಸ್ಥಾನವಾದ 4ಎಚ್‌ನಲ್ಲಿದ್ದರೆ, ಒಣ ಡಾಂಬರಿನ ಮೇಲೆ ಹೀಗಾಗುವುದು ಸ್ಟೆಪ್ನಿ ಇಲ್ಲದಿದ್ದರೂ ಸಹಜವೇ. ಮಳೆಯಲ್ಲಿ ಹಿಡಿತ ಇರಲೆಂದು ಸ್ಟೆಪ್ನಿ ಹಾಕಿದ ಕಾರನ್ನು ಲಾಕ್‌ಗೆ ಹಾಕಿಕೊಂಡು ಹೋಗುವವರಿದ್ದಾರೆ. ಇದಕ್ಕಿಂತ ಬೇಗ ಕಪ್ಲಿಂಗನ್ನು ಸುಡುವ ವಿಧಾನ ಇನ್ನೊಂದಿಲ್ಲ. ಗುಂಡಿಯನ್ನು ಆಟೊ ಅಥವಾ 2ಡಬ್ಲ್ಯುಡಿಗೆ ತಂದು, ಕೆಲವು ಮೀಟರ್ ನೇರವಾಗಿ ಹೋಗಿ, ಸಾಧ್ಯವಾದರೆ ಸ್ವಲ್ಪ ಹಿಂದಕ್ಕೂ ಬನ್ನಿ. ಶಾಫ್ಟುಗಳಲ್ಲಿ ಸಿಕ್ಕಿಕೊಂಡ ಬಿಗಿತ ಬಿಡಿಸಿಕೊಳ್ಳಲು ಇದು ನೆರವಾಗುತ್ತದೆ.

ಆಮೇಲೆ ಖಾಲಿಯಿರುವ ಮಣ್ಣಿನ ಅಥವಾ ಜಲ್ಲಿಯ ಜಾಗದಲ್ಲಿ, ನಡೆಯುವ ವೇಗದಲ್ಲಿ, ಸ್ಟೀರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ಒಂದೊಂದು ಸುತ್ತು ಹಾಕಿ. ಡಾಂಬರಿನಲ್ಲಿದ್ದ ಬಿಗಿತ ಸಡಿಲ ನೆಲದಲ್ಲಿ ಮಾಯವಾದರೆ ಬಿಗಿತ ಆಕ್ಸಲುಗಳ ನಡುವಿನದೇ. ಜಲ್ಲಿಯಲ್ಲಿ ಟೈರು ಜಾರಿ ಅದನ್ನು ಬಿಡಿಸಿಕೊಂಡಿದೆ. ಸಡಿಲ ನೆಲದಲ್ಲೂ ಒಂದೇ ಬದಿಗೆ ತಿರುಗುವಾಗ ಕಟಕಟ ಎಂಬ ಸದ್ದು ಬಂದರೆ ಅದು ಸಿವಿ ಜಾಯಿಂಟಿನ (ಚಕ್ರಕ್ಕೆ ಬಲ ಒಯ್ಯುವ ಶಾಫ್ಟಿನ ಕೀಲಿನ) ದೋಷ. ಅದಕ್ಕೂ ಸ್ಟೆಪ್ನಿಗೂ ಸಂಬಂಧವಿಲ್ಲ.

ಹಳೆಯ ಆಟೊಮ್ಯಾಟಿಕ್ ಸುಬಾರುಗಳಲ್ಲಿ ಎಫ್‌ಡಬ್ಲ್ಯುಡಿ ಫ್ಯೂಸೇ ಒಂದು ಉಚಿತ ಪರೀಕ್ಷಾ ಸಾಧನ. ಫ್ಯೂಸ್ ಸಿಕ್ಕಿಸಿದಾಗ ಬಿಗಿತ ಹೋದರೆ ಹಿಂಬದಿಯ ಕ್ಲಚ್ ಪ್ಲೇಟುಗಳು ಬಿಟ್ಟುಕೊಳ್ಳಬಲ್ಲವು ಎಂದಾಯಿತು. ಫ್ಯೂಸ್ ಹಾಕಿದರೂ ಬಿಗಿತ ಉಳಿದರೆ, ಆ ಕ್ಲಚ್ಚಿನ ಎಣ್ಣೆಯ ಒತ್ತಡವನ್ನು ನಿಯಂತ್ರಿಸುವ ಡ್ಯೂಟಿ-ಸಿ ಎಂಬ ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಕವಾಟ) ಕೆಲಸ ಮಾಡುತ್ತಿಲ್ಲ ಅಥವಾ ಪ್ಲೇಟುಗಳೇ ಅಂಟಿಕೊಂಡಿವೆ ಎಂದು ತಿಳಿಯಬೇಕು. ಈ ಹಂತ ಮನೆಯಲ್ಲಿ ಬಿಚ್ಚಿ ನೋಡುವಂಥದ್ದಲ್ಲ.

ಮೋಡ್ ಬದಲಿಸಿದ ಮೇಲೂ ಕುಪ್ಪಳಿಸುವಿಕೆ ಮುಂದುವರಿದರೆ ಆ ಕಾರನ್ನು ಸ್ಟೆಪ್ನಿಯ ಮೇಲೆ ಓಡಿಸಬಾರದು, ಊರು ಐದೇ ಕಿಲೋಮೀಟರ್ ಎಂದರೂ.

ಲಕ್ಷಣ: ಸುಟ್ಟ ವಾಸನೆ

ಕಾರನ್ನು ನಿಲ್ಲಿಸಿ, ಇಳಿದು, ಒಂದು ಸುತ್ತು ಹಾಕಿ ಮೂಸಿ ನೋಡಿ. ರಬ್ಬರಿನ ವಾಸನೆ ಸ್ಟೆಪ್ನಿಯ ಬಳಿ ಮಾತ್ರ ಇದ್ದರೆ ಗಾಳಿ ಕಡಿಮೆಯಾಗಿ ಟೈರು ಕಾದಿರಬಹುದು, ಇಲ್ಲವೇ ವೇಗ ಮಿತಿ ಮೀರಿರಬಹುದು. ಒಂದೇ ಚಕ್ರದ ಬಳಿ ಕಾದ ಲೋಹದ, ಬ್ರೇಕ್ ಪ್ಯಾಡಿನ ಒಗರು ವಾಸನೆ ಬಂದರೆ ಬ್ರೇಕ್ ಹಿಡಿದುಕೊಂಡಿದೆ. ಕೊಳೆತ ಮೊಟ್ಟೆಗೆ ಹತ್ತಿರವಾದ ಗಂಧಕದ ವಾಸನೆ ಕಾರಿನ ನಡುವಿನಿಂದ ಅಥವಾ ಹಿಂದಿನ ಆಕ್ಸಲಿನ ಕಡೆಯಿಂದ ಬಂದರೆ ಅದು ಕಾದ ಗೇರ್ ಎಣ್ಣೆಯದು. ಡಿಫರೆನ್ಶಿಯಲ್ ಎಣ್ಣೆಯಲ್ಲಿ ಹಲ್ಲುಗಳ ರಕ್ಷಣೆಗಾಗಿ ಗಂಧಕದ ಸಂಯುಕ್ತಗಳನ್ನು ಸೇರಿಸಿರುತ್ತಾರೆ.

ಅಂಗೈಯ ಹಿಂಬದಿಯನ್ನು ರಿಮ್ಮಿನ ಹತ್ತಿರಕ್ಕೆ, ಮುಟ್ಟದಂತೆ, ಒಯ್ದು ನಾಲ್ಕೂ ಚಕ್ರಗಳ ಬಿಸಿಯನ್ನು ಹೋಲಿಸಿ ನೋಡಿ. ಕಪ್ಲಿಂಗ್ ಮತ್ತು ಡಿಫರೆನ್ಶಿಯಲ್‌ಗಳ ಬಿಸಿ ತಿಳಿಯಲು ಕೈ ಹಾಕಬೇಡಿ. ಅದರ ಪಕ್ಕದಲ್ಲೇ ಸೈಲೆನ್ಸರ್ ಕೊಳವೆ ಹಾದುಹೋಗಿರುತ್ತದೆ, ಜ್ಯಾಕಿನ ಮೇಲಿರುವ ಕಾರಿನ ಅಡಿಗೆ ನುಸುಳುವುದಂತೂ ಯಾವ ಕಾರಣಕ್ಕೂ ಸಲ್ಲದು. ನೆಲದ ಮೇಲೆ ಮಂಡಿಯೂರಿ ಟಾರ್ಚಿನ ಬೆಳಕಿನಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆಯೇ ಎಂದಷ್ಟೇ ನೋಡಿ. ಡಿಫರೆನ್ಶಿಯಲ್ಲಿನ ಮೇಲೆ ಹಳೆಯ ಧೂಳು ಕೂತ ಜಿಡ್ಡು ಇದ್ದರೆ ಅದು ಹಿಂದಿನಿಂದಲೂ ಇದ್ದದ್ದು. ತೊಳೆದಂತೆ ಹೊಳೆಯುವ ಹಸಿ ಎಣ್ಣೆ ಕಂಡರೆ ಸೀಲು ಈಗ ಸೋತಿದೆ.

ಗೇರ್ ಎಣ್ಣೆಯ ವಾಸನೆ, ಹಸಿ ಎಣ್ಣೆ, ಹೊಗೆ, ಈ ಮೂರರಲ್ಲಿ ಯಾವುದೊಂದು ಕಂಡರೂ ಅಲ್ಲೇ ನಿಲ್ಲಿಸಿ. ತಣ್ಣಗಾದ ಮೇಲೆ ಹೋಗಿಬಿಡೋಣ ಎಂಬ ಲೆಕ್ಕಾಚಾರ ಇಲ್ಲಿ ಕೆಲಸ ಮಾಡುವುದಿಲ್ಲ. ವಿಶೇಷವಾಗಿ ವಿಸ್ಕಸ್ ಕಪ್ಲಿಂಗ್ ಇರುವ ಕಾರುಗಳಲ್ಲಿ, ಒಳಗಿನ ಸಿಲಿಕೋನ್ ದ್ರವ ಅತಿಯಾಗಿ ಕಾದರೆ ಕಪ್ಲಿಂಗ್ ಪೂರ್ತಿ ಬಿಗಿದುಕೊಂಡು, ತಣಿದ ಮೇಲೂ ಮೊದಲಿನ ಸ್ಥಿತಿಗೆ ಬಾರದೆ ಹೋಗಬಹುದು.

ಲಕ್ಷಣ: ಗುಂಯ್‌ಗುಡುವ ಅಥವಾ ಉಜ್ಜುವ ಸದ್ದು

ತೆಳ್ಳನೆಯ ಟೈರು ತನ್ನಷ್ಟಕ್ಕೇ ಸದ್ದು ಮಾಡುತ್ತದೆ. ರಸ್ತೆಯ ಮೇಲ್ಮೈ ಬದಲಾದಾಗ ಸದ್ದೂ ಬದಲಾದರೆ ಅದು ಟೈರಿನದು; ಚಿಂತೆ ಬೇಡ. ಆಕ್ಸಿಲರೇಟರ್ ಒತ್ತಿದಾಗ ಏರಿ, ಬಿಟ್ಟಾಗ ಇಳಿಯುವ ಅಥವಾ ಸ್ವರ ಬದಲಿಸುವ ಊಳು ಡಿಫರೆನ್ಶಿಯಲ್ ಹಲ್ಲುಗಳದ್ದು. ಆಕ್ಸಿಲರೇಟರ್ ಹೇಗಿದ್ದರೂ ಒಂದೇ ಸಮನಿದ್ದು, ಎಡಕ್ಕೋ ಬಲಕ್ಕೋ ಸ್ವಲ್ಪ ವಾಲಿದಾಗ ಹೆಚ್ಚಾಗುವ ಸದ್ದು ವೀಲ್ ಬೇರಿಂಗಿನದು.

ಚಕ್ರದ ಪ್ರತಿ ಸುತ್ತಿಗೂ ಲೋಹ ಉಜ್ಜುವ ಸದ್ದು ಬಂದರೆ ಮಾತ್ರ ತಡಮಾಡದೆ ನಿಲ್ಲಿಸಿ. ದೊಡ್ಡ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಪ್ಯಾಡುಗಳನ್ನು ಹಿಡಿದಿರುವ ಭಾಗ) ಇರುವ ಕೆಲವು ಕಾರುಗಳ ಮುಂದಿನ ಹಬ್ಬಿಗೆ ಸಣ್ಣ ರಿಮ್ಮು ಸರಿಯಾಗಿ ಕೂರುವುದಿಲ್ಲ. ರಿಮ್ಮಿನ ಒಳಮೈ ಕ್ಯಾಲಿಪರಿಗೆ ತಾಗುತ್ತದೆ. ಅಂಥದ್ದರಲ್ಲಿ ಸ್ಟೆಪ್ನಿಯನ್ನು ಹಿಂದಕ್ಕೆ ಸಾಗಿಸುವುದೊಂದೇ ಉಪಾಯ.

ಲಕ್ಷಣ: ನಡುಕ ಅಥವಾ ಚಕ್ರ ಒಲೆದಂತಾಗುವುದು

ಇದಕ್ಕೆ ಕಾರಣ ಹೆಚ್ಚಿನ ಸಲ ಸಡಿಲ ನಟ್ಟು. ನಿಲ್ಲಿಸಿ, ಸ್ಪ್ಯಾನರ್ ಹಿಡಿದು, ನಕ್ಷತ್ರದಾಕಾರದ ಕ್ರಮದಲ್ಲಿ ಎದುರುಬದುರಾಗಿ ಬಿಗಿ ಮಾಡಿ. ಹಬ್ಬಿನ ಮೇಲೆ ಮಣ್ಣು ಅಥವಾ ತುಕ್ಕಿನ ಹಕ್ಕಳೆ ಇದ್ದರೆ ಚಕ್ರ ಚಪ್ಪಟೆಯಾಗಿ ಕೂರುವುದಿಲ್ಲ, ಮೊದಲು ಬಿಗಿ ಎನಿಸಿದ್ದು ಕೆಲವು ಕಿಲೋಮೀಟರಿಗೆ ಸಡಿಲವಾಗುತ್ತದೆ. ಹಾಗಾಗಿ ಏನೂ ನಡುಕವಿಲ್ಲದಿದ್ದರೂ ಮೊದಲ 50 ಕಿ.ಮೀ. ಒಳಗೆ ಒಮ್ಮೆ ಬಿಗಿತ ನೋಡಲೇಬೇಕು. ಅಲಾಯ್ ಚಕ್ರದ ನಟ್ಟು ಅಥವಾ ಬೋಲ್ಟು ಉಕ್ಕಿನ ಸ್ಟೆಪ್ನಿಗೆ ಹೊಂದದ ಕಾರುಗಳೂ ಇವೆ. ಉಪಕರಣಗಳ ಚೀಲದಲ್ಲಿ ಬೇರೆ ಬೋಲ್ಟುಗಳ ಪೊಟ್ಟಣ ಕಂಡರೆ ಅದು ಸ್ಟೆಪ್ನಿಗಾಗಿಯೇ ಇಟ್ಟದ್ದು.

ನಟ್ಟು ಸರಿಯಿದ್ದೂ ನಡುಗಿದರೆ ಟೈರಿನ ವಯಸ್ಸು ನೋಡಿ. ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2314 ಎಂದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ, ಪಕ್ಕದ ಗೋಡೆ ಬಿರಿದ ಅಥವಾ ಎಲ್ಲಾದರೂ ಉಬ್ಬಿದ ಟೈರನ್ನು, ಎಳೆಗಳು (ನೆಲ ಹಿಡಿಯುವ ಟ್ರೆಡ್) ಹೊಸದರಂತೆ ಕಂಡರೂ, ನಂಬಬಾರದು.

ಲಕ್ಷಣ: ಬ್ರೇಕ್ ಹಿಡಿದಾಗ ಒಂದು ಬದಿಗೆ ಎಳೆಯುತ್ತದೆ, ಆ ಮೂಲೆ ಕೆಳಗಿಳಿದಿದೆ

ಇವೆರಡೂ ನಿರೀಕ್ಷಿತ. ಮೇಲಿನ ಉದಾಹರಣೆಯ ಅಳತೆಗಳಲ್ಲಿ ಆ ಮೂಲೆ ಸುಮಾರು 25 ಮಿ.ಮೀ. ತಗ್ಗಿರುತ್ತದೆ, ನಮ್ಮ ಊರುಗಳ ರಸ್ತೆ ಉಬ್ಬುಗಳಲ್ಲಿ ಇದನ್ನು ನೆನಪಿಟ್ಟುಕೊಳ್ಳಿ. ಕಿರಿದಾದ ಟೈರಿಗೆ ಹಿಡಿತ ಕಡಿಮೆಯಾದ್ದರಿಂದ ಎಬಿಎಸ್ ಬೇಗ ಕೆಲಸ ಆರಂಭಿಸುತ್ತದೆ, ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಚಕ್ರದ ಮೇಲೆ ಬರೆದಿರುವ ಗಂಟೆಗೆ 80 ಕಿ.ಮೀ. ಗರಿಷ್ಠ ಮಿತಿ, ಗುರಿಯಲ್ಲ. ಎಡಬ್ಲ್ಯುಡಿ ಕಾರಿನಲ್ಲಿ 60 ದಾಟದಿರುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಮಳೆಯಿದ್ದರೆ ಇನ್ನೂ ಕಡಿಮೆ. ಕ್ರೂಸ್ ಕಂಟ್ರೋಲ್ ಬೇಡ, ಹಿಂದೆ ಟ್ರೇಲರ್ ಬೇಡ.

ಎಷ್ಟು ದೂರ ಹೋಗಬಹುದು, ಯಾವಾಗ ಟೋ ಮಾಡಿಸಬೇಕು

ಮೇಲಿನ ಲಕ್ಷಣಗಳಲ್ಲಿ ಯಾವುದೂ ಇಲ್ಲದಿದ್ದರೆ ಗುರಿ ಮನೆಯಲ್ಲ, ಹತ್ತಿರದ ಪಂಕ್ಚರ್ ಅಂಗಡಿ. ಕರ್ನಾಟಕದ ಹೆದ್ದಾರಿಗಳಲ್ಲಿ ಅಂಥದ್ದೊಂದು ಸಿಗದೆ ಬಹಳ ದೂರ ಹೋಗಬೇಕಾಗುವುದಿಲ್ಲ. ಟ್ಯೂಬ್‌ಲೆಸ್ ಟೈರಿನ ನಡುಭಾಗಕ್ಕೆ ಚುಚ್ಚಿದ ಮೊಳೆಯಾದರೆ ಸ್ಟ್ರಿಪ್ ಹಾಕಿಸಿ ಮೂಲ ಟೈರನ್ನೇ ಮರಳಿ ಹಾಕಿಸಿಕೊಂಡು ಹೋಗುವುದು, ಸ್ಟೆಪ್ನಿಯ ಮೇಲೆ 200 ಕಿಲೋಮೀಟರ್ ಹೋಗುವುದಕ್ಕಿಂತ ಎಲ್ಲ ರೀತಿಯಲ್ಲೂ ಅಗ್ಗ. 2020ರ ಅಕ್ಟೋಬರಿನಿಂದ ಜಾರಿಗೆ ಬಂದ ನಿಯಮದಂತೆ ಟಿಪಿಎಂಎಸ್ ಮತ್ತು ರಿಪೇರಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ. ಸ್ಟೆಪ್ನಿ ಇಲ್ಲವಲ್ಲ ಎಂದು ಹಲವರು ಗೊಣಗುತ್ತಾರೆ, ಆದರೆ ಕಿಟ್ ಬಳಸಿದಾಗ ಟೈರಿನ ವ್ಯಾಸ ಬದಲಾಗುವುದಿಲ್ಲವಾದ್ದರಿಂದ ಎಡಬ್ಲ್ಯುಡಿ ಕಾರಿಗೆ ಅದೇ ಹೆಚ್ಚು ಹಿತ. ಪಕ್ಕದ ಗೋಡೆ ಹರಿದಿದ್ದರೆ ಮಾತ್ರ ಕಿಟ್ಟೂ ಸ್ಟ್ರಿಪ್ಪೂ ಕೆಲಸಕ್ಕೆ ಬಾರವು.

ಟೋ ಕರೆಯುವುದಾದರೆ ಫ್ಲಾಟ್‌ಬೆಡ್ ಲಾರಿಯನ್ನೇ ಕೇಳಿ, ನಾಲ್ಕೂ ಚಕ್ರಗಳು ನೆಲದಿಂದ ಮೇಲಿರಬೇಕು. ಎರಡು ಚಕ್ರ ಎತ್ತಿ ಎರಡನ್ನು ಎಳೆದೊಯ್ದರೆ ಸಣ್ಣ ಚಕ್ರ ಉಂಟುಮಾಡುತ್ತಿದ್ದ ವೇಗವ್ಯತ್ಯಾಸ ಏನೂ ಅಲ್ಲವೆನ್ನುವಷ್ಟು ದೊಡ್ಡ ವ್ಯತ್ಯಾಸ ಕಪ್ಲಿಂಗಿನ ಮೇಲೆ ಬೀಳುತ್ತದೆ. ನ್ಯೂಟ್ರಲ್ ಮಾಡಿದ್ದೀನಿ ಸಾರ್, ಏನಾಗಲ್ಲ ಎಂದು ಟೋ ಚಾಲಕ ಹೇಳಿದರೂ ಒಪ್ಪಬೇಡಿ. ನ್ಯೂಟ್ರಲ್ ಎಂಜಿನ್ನನ್ನು ಬಿಡಿಸುತ್ತದೆಯೇ ಹೊರತು ಎರಡು ಆಕ್ಸಲುಗಳನ್ನು ಒಂದರಿಂದೊಂದು ಬಿಡಿಸುವುದಿಲ್ಲ.

ಲಕ್ಷಣ: ಒಳ್ಳೆಯ ಟೈರು ಮರಳಿ ಹಾಕಿದ ಮೇಲೂ ತೊಂದರೆ ಹೋಗಿಲ್ಲ

ಹೊಸ ಟೈರು ಹಾಕಿಸಿದ್ದೀರಾದರೆ ಮೊದಲು ಅದನ್ನೇ ಅನುಮಾನಿಸಿ. ಎಳೆಯ ಆಳದಲ್ಲಿ ಒಂದು ಮಿ.ಮೀ. ವ್ಯತ್ಯಾಸ ಸುತ್ತಳತೆಯಲ್ಲಿ ಆರು ಮಿ.ಮೀ.ಗೂ ಸ್ವಲ್ಪ ಹೆಚ್ಚು. ಸುಬಾರು ತನ್ನ ಕಾರುಗಳಿಗೆ ಇಟ್ಟಿರುವ ಮಿತಿ ಕಾಲು ಇಂಚು, ಅಂದರೆ ಹೆಚ್ಚು ಕಡಿಮೆ ಅಷ್ಟೇ. ಎಂಟು ಮಿ.ಮೀ. ಎಳೆಯ ಒಂದು ಹೊಸ ಟೈರಿನ ಜೊತೆ ನಾಲ್ಕು ಮಿ.ಮೀ.ಗೆ ಸವೆದ ಮೂರನ್ನು ಓಡಿಸಿದರೆ ಸುತ್ತಳತೆಯಲ್ಲಿ 25 ಮಿ.ಮೀ. ವ್ಯತ್ಯಾಸ. ಸ್ಟೆಪ್ನಿಯಷ್ಟು ದೊಡ್ಡದಲ್ಲ, ಆದರೆ ಇದು ಸಂಜೆಗೆ ಮುಗಿಯುವ ಪ್ರಯಾಣವಲ್ಲ, ವರ್ಷಗಟ್ಟಲೆಯದು. ನಾಲ್ಕೂ ಟೈರುಗಳ ಎಳೆಯ ಆಳವನ್ನು ಗೇಜಿನಲ್ಲಿ ಅಳೆದು, ನಿಮ್ಮ ತಯಾರಕರ ಮಿತಿ ಮೀರಿದ್ದರೆ ನಾಲ್ಕನ್ನೂ ಬದಲಿಸುವುದು ಅಥವಾ ಅದೇ ಮಾದರಿಯ, ಅಷ್ಟೇ ಸವೆದ ಟೈರೊಂದನ್ನು ಹುಡುಕುವುದು ಬೇಕಾಗುತ್ತದೆ. ಅಮೆರಿಕದಲ್ಲಿ ಹೊಸ ಟೈರನ್ನು ಬೇಕಾದ ಆಳಕ್ಕೆ ಸವರಿಕೊಡುವ ಅಂಗಡಿಗಳೂ ಇವೆ.

ಟೈರುಗಳೆಲ್ಲ ಒಂದೇ ಸಮನಿದ್ದೂ ತಿರುವಿನಲ್ಲಿ ಬಿಗಿತ ಅಥವಾ ಎಡಬ್ಲ್ಯುಡಿ ದೀಪ ಉಳಿದರೆ ವರ್ಕ್‌ಶಾಪಿಗೆ ಹೋಗಬೇಕು. ಅಲ್ಲಿ ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡುಗಳನ್ನು ಓದಲಿ, ಅಳಿಸುವ ಮುನ್ನ ಬರೆದಿಟ್ಟುಕೊಳ್ಳಲಿ. ಮುಂದಿನದು ಕಪ್ಲಿಂಗ್ ಎಣ್ಣೆ. ಅದನ್ನು ಇಳಿಸಿದಾಗ ಕಪ್ಪಾಗಿ, ಸುಟ್ಟ ವಾಸನೆಯಿಂದ ಕೂಡಿ, ಬೆರಳ ನಡುವೆ ಉಜ್ಜಿದರೆ ನುಣ್ಣನೆಯ ಪುಡಿ ಸಿಕ್ಕರೆ ಪ್ಲೇಟುಗಳು ಸವೆದಿವೆ. ಬಣ್ಣ ಮಾತ್ರ ಮಾಸಿದ್ದರೆ ಎಣ್ಣೆ ಬದಲಿಸಿ, ಪಂಪಿನ ಒತ್ತಡದಿಂದ ಕ್ಲಚ್ಚನ್ನು ಬಿಗಿಯುವ ಹ್ಯಾಲ್ಡೆಕ್ಸ್ ಮಾದರಿಯ ಕಪ್ಲಿಂಗಾದರೆ ಪಂಪಿನ ಜರಡಿ ಅಥವಾ ಫಿಲ್ಟರನ್ನೂ ಶುಚಿಗೊಳಿಸಿ, ಮತ್ತೆ ಓಡಿಸಿ ನೋಡುವುದು ಸರಿಯಾದ ಕ್ರಮ. ಇಡೀ ಕಪ್ಲಿಂಗ್ ಬದಲಿಸಬೇಕೆಂಬ ಅಂದಾಜುಪಟ್ಟಿ ಮೊದಲ ಭೇಟಿಯಲ್ಲೇ ಕೈಗೆ ಬಂದರೆ, ಎಣ್ಣೆಯನ್ನು ಇಳಿಸಿ ನೋಡಿದ್ದೀರಾ ಎಂದು ಕೇಳಿ, ಇಳಿಸಿದ ಎಣ್ಣೆಯನ್ನು ತೋರಿಸಲು ಹೇಳಿ. ಎಷ್ಟು ದೂರ, ಯಾವ ವೇಗದಲ್ಲಿ, ಯಾವ ಚಕ್ರದಲ್ಲಿ ಸ್ಟೆಪ್ನಿ ಇತ್ತು, ಮೋಡ್ ಗುಂಡಿ ಎಲ್ಲಿತ್ತು ಎಂಬ ನಾಲ್ಕು ಸಂಗತಿಗಳನ್ನು ನೀವಾಗಿಯೇ ತಿಳಿಸಿ. ಮೆಕ್ಯಾನಿಕ್ ಎಲ್ಲಿಂದ ಹುಡುಕಾಟ ಆರಂಭಿಸಬೇಕು ಎಂಬುದು ಅವುಗಳ ಮೇಲೆಯೇ ನಿಂತಿದೆ.